ಅಜ್ಜಿಯ ಮರದ ಬೀರುವಿಗೆ ಬಿಳಿ ಬಣ್ಣ ಹೊಡೆಸಲಾ, ಬೇಡ್ವಾ?

ಹಳೇಮನೆ:
ಎಲ್ಲರಿಗೂ ನಮಸ್ಕಾರ. ಚಾಮರಾಜಪೇಟೆಯ ನಮ್ಮ ಅಜ್ಜಿ ಮನೆ ಮಾರಿದ್ದಾಯಿತು. ಮುಂದಿನ ತಿಂಗಳು ಕೆಡವುತ್ತಾರೆ. ಪಾತ್ರೆ, ದೇವರ ಮಂಟಪ, ಉಯ್ಯಾಲೆ ಎಲ್ಲಾ ಒಬ್ಬೊಬ್ಬರು ತಗೊಂಡು ಹೋದರು. ಯಾರಿಗೂ ಬೇಡ ಅಂತ ಉಳಿದಿದ್ದು ಮೂರು ಸಾಮಾನು. ಎರಡು ಬಾಗಿಲಿನ ಮರದ ಬೀರು, ಬೆತ್ತದ ಆರಾಮ ಕುರ್ಚಿ, ತುಕ್ಕು ಹಿಡಿದ ಒಂದು ಸ್ಟೀಲ್ ಬೀರು. ಮೂರೂ ನಮ್ಮ ಮನೆಗೆ ಬರಲಿ ಅಂದುಬಿಟ್ಟೆ. ಅಂದ ಮೇಲೆ ಯೋಚನೆ ಶುರುವಾಗಿದೆ.

ನಮ್ಮದು ಉತ್ತರಹಳ್ಳಿಯಲ್ಲಿ ಎರಡು ಬೆಡ್‌ರೂಮಿನ ಫ್ಲಾಟ್. ಪಕ್ಕದ ಕಟ್ಟಡ ಅಂಟಿಕೊಂಡೇ ಇದೆ, ಹಗಲಲ್ಲೂ ಹಾಲ್‌ನಲ್ಲಿ ಲೈಟ್ ಬೇಕು. ಬೀರು ನೋಡಿದರೆ ಟಾರು ಬಳಿದ ಹಾಗೆ ಕಪ್ಪಗಿದೆ. ಮನೆಗೆ ಸುಣ್ಣ ಹೊಡೆಸಿದಾಗೆಲ್ಲ ತಾತ ಇದಕ್ಕೂ ಒಂದು ಕೈ ವಾರ್ನಿಶ್ ಹೊಡೆಸುತ್ತಿದ್ದರಂತೆ. ಬಾಗಿಲು ತೆಗೆದರೆ ನುಸಿಗುಳಿಗೆ ವಾಸನೆ. ಕೆಳಗಿನ ಹಲಗೆಯ ಹತ್ತಿರ ಅಕ್ಕಿಹಿಟ್ಟಿನಂಥ ಸಣ್ಣ ಪುಡಿ ಬಿದ್ದಿರುತ್ತದೆ. ಗುಡಿಸಿದರೆ ಮಾರನೇ ದಿನ ಮತ್ತೆ ಅಷ್ಟೇ ಇರುತ್ತದೆ.

ಮಗಳು ಫೋನಿನಲ್ಲಿ ವಿಡಿಯೋ ತೋರಿಸಿ, ಬಿಳಿ ಚಾಕ್ ಪೇಂಟ್ ಹೊಡೆದು ಹಿತ್ತಾಳೆ ಹಿಡಿ ಹಾಕಿಸಮ್ಮಾ, ರೂಮು ಬೆಳಕಾಗುತ್ತೆ ಅಂತಾಳೆ. ನೋಡಲು ಬಂದ ಬಡಗಿ ಎರಡು ನಿಮಿಷ ನಿಂತು, ಇದನ್ನು ಗುಜರಿಗೆ ಹಾಕಿ, ಪ್ಲೈನಲ್ಲಿ ಹೊಸದು ಮಾಡಿಕೊಡ್ತೀನಿ ಅಂದರು. ನನಗೆ ಎರಡಕ್ಕೂ ಮನಸ್ಸು ಬರುತ್ತಿಲ್ಲ. ಈ ಬೀರುವಿನ ಒಳಗೆ ಕೂತು ನಾವು ಕಣ್ಣಾಮುಚ್ಚಾಲೆ ಆಡಿದ್ದೇವೆ. ಕುರ್ಚಿಯ ಬೆತ್ತವೂ ಜೋತುಬಿದ್ದಿದೆ. ಏನು ಮಾಡಲಿ?

ಬಿಳಿಗೋಡೆ:
ಬಿಳಿ ಹೊಡೆಸಿ. ಕತ್ತಲೆ ಹಾಲ್‌ನಲ್ಲಿ ಕಪ್ಪು ಬೀರು ಇಟ್ಟರೆ ದಿನಾ ನೋಡಿ ಬೇಜಾರಾಗುತ್ತದೆ. ನಾನು ತಾತನ ಬರೆಯುವ ಮೇಜಿಗೆ ತಿಳಿ ಹಸಿರು ಹೊಡೆದೆ. ಮೊದಲು ಅಟ್ಟದಲ್ಲಿ ಇತ್ತು, ಈಗ ದಿನಾ ಅದರ ಮೇಲೆ ಕೆಲಸ ಮಾಡುತ್ತೇನೆ.

ಉಳಿಬಾಚಿ:
ದಯವಿಟ್ಟು ಈಗಲೇ ಬ್ರಶ್ ಎತ್ತಬೇಡಿ. ನಮ್ಮಪ್ಪ ನಲವತ್ತು ವರ್ಷ ಮರಗೆಲಸ ಮಾಡಿದವರು, ನಾನು ರಜೆ ದಿನ ಅವರ ಉಳಿ ಹಿಡಿಯುತ್ತೇನೆ. ಆ ಕಪ್ಪಿನ ಕೆಳಗೆ ಯಾವ ಮರ ಇದೆ ಅಂತ ಗೊತ್ತಾಗದೆ ಬಣ್ಣದ ಮಾತೇ ಬೇಡ.

ಮೊದಲು ಬಾಗಿಲಿನ ಒಳ ಅಂಚಿನಲ್ಲಿ, ಯಾರಿಗೂ ಕಾಣದ ಕಡೆ, ಹತ್ತಿಗೆ ಪಾಲಿಶ್ ಸ್ಪಿರಿಟ್ ಹಚ್ಚಿ ಒಂದು ನಿಮಿಷ ಒತ್ತಿ ಹಿಡಿಯಿರಿ. ಅಂಟಂಟಾಗಿ ಕಂದು ಬಣ್ಣ ಹತ್ತಿಗೆ ಬಂದರೆ ಅದು ಅರಗಿನ ಪಾಲಿಶ್. ಹಳೇ ಕಾಲದವರು ಅರಗಿನ ಚಕ್ಕೆಯನ್ನು ಸ್ಪಿರಿಟ್‌ನಲ್ಲಿ ನೆನೆಸಿ, ಬಟ್ಟೆ ಉಂಡೆಯಿಂದ ಪದರ ಪದರವಾಗಿ ಹಚ್ಚುತ್ತಿದ್ದರು. ಸ್ಪಿರಿಟ್ ತಾಗಿದರೆ ಅದು ಮತ್ತೆ ಕರಗುತ್ತದೆ. ಕರಗದೆ ಗಟ್ಟಿಯಾಗಿಯೇ ಇದ್ದರೆ ಮೇಲೆ ಎಣ್ಣೆ ವಾರ್ನಿಶ್ ಇದೆ ಅಂತ. ಅದಕ್ಕೆ ಹೆರೆಯುವ ಪಟ್ಟಿ, ಉಪ್ಪು ಕಾಗದ ಬೇಕು. ನಿಮ್ಮದರಲ್ಲಿ ಎರಡೂ ಇರಬಹುದು.

ಒಂದು ಬೆರಳಗಲ ಬರಿ ಮರ ಕಂಡ ಮೇಲೆ ಬಂದು ಹೇಳಿ. ಬಣ್ಣ ಯಾವತ್ತು ಬೇಕಾದರೂ ಹೊಡೆಯಬಹುದು. ಮರದ ಎಳೆಯೊಳಗೆ ಇಳಿದ ಬಣ್ಣವನ್ನು ಪೂರ್ತಿ ತೆಗೆಯೋದು ಮಾತ್ರ ಪ್ರಾಣ ಹೋಗುವ ಕೆಲಸ.

ಕತ್ರಿಗುಪ್ಪೆ ಅಮ್ಮ:
ಬಣ್ಣ ಆಮೇಲೆ ಇರಲಿ. ಆ ಪುಡಿ ಕುಟ್ಟೆ ಹುಳುವಿನದು. ಅದನ್ನು ಹಾಗೇ ಮನೆಗೆ ತರಬೇಡಿ, ಮನೆಯ ಬೇರೆ ಮರದ ಸಾಮಾನಿಗೂ ಹೋಗುತ್ತೆ. ನಮ್ಮ ಮನೆಯಲ್ಲಿ ಹೊಸ ಸೋಫಾದ ಕಾಲು ಹೋಯಿತು.

ಉಳಿಬಾಚಿ:
ಹೌದು, ಅಮ್ಮ ಹೇಳಿದ್ದು ಸರಿ. ಆದರೆ ಹೆದರಬೇಡಿ. ಗೆದ್ದಲು ಬೇರೆ, ಕುಟ್ಟೆ ಬೇರೆ. ಗೆದ್ದಲಾದರೆ ಮಣ್ಣಿನ ಗೆರೆ ಕಾಣುತ್ತದೆ. ಕುಟ್ಟೆಯಾದರೆ ಗುಂಡುಸೂಜಿ ತಲೆಯಷ್ಟು ತೂತು, ಕೆಳಗೆ ಹಿಟ್ಟಿನಂಥ ಪುಡಿ. ಈ ಹುಳುವಿಗೆ ಬೇಕಾಗಿರುವುದು ಕಾಂಡದ ಹೊರಭಾಗದ ಬಿಳಿ ಮರ, ಅದರಲ್ಲಿರುವ ಪಿಷ್ಟ. ಕಾಂಡದ ನಡುವಿನ ಗಟ್ಟಿ ಮರ, ಅಂದರೆ ಚೇಗು, ಅದಕ್ಕೆ ಸೇರುವುದಿಲ್ಲ. ಆ ಕಾಲದಲ್ಲೂ ಕೆಳಗಿನ ಹಲಗೆ, ಹಿಂದಿನ ಹಲಗೆಗೆ ಬಿಳಿ ಸೇರಿದ ತುಂಡು ಹಾಕುತ್ತಿದ್ದರು, ಬಾಗಿಲಿಗೆ ಒಳ್ಳೇ ಚೇಗು. ಸ್ಕ್ರೂಡ್ರೈವರ್ ತುದಿಯಿಂದ ಅಲ್ಲಲ್ಲಿ ಒತ್ತಿ ನೋಡಿ. ಬಿಸ್ಕತ್ತಿನ ಹಾಗೆ ಒಳಗೆ ಹೋದರೆ ಆ ಹಲಗೆ ಬದಲಿಸಿ. ಗಟ್ಟಿ ಇದ್ದರೆ ಮರದ ಕೀಟಕ್ಕೆ ಅಂತಲೇ ಸಿಗುವ ಔಷಧವನ್ನು ಸಿರಿಂಜ್‌ನಲ್ಲಿ ತೂತು ತೂತಿಗೂ ಹಾಕಿ, ಮೇಣದಿಂದ ಮುಚ್ಚಿ. ಮೇಣದ ಮೇಲೆ ಹೊಸ ತೂತು ಬಂದರೆ ಹುಳು ಇನ್ನೂ ಬದುಕಿದೆ ಅಂತ ಗೊತ್ತಾಗುತ್ತದೆ. ಕೈಗೆ ಗ್ಲೌಸ್ ಇರಲಿ, ಕಿಟಕಿ ತೆಗೆದಿರಿ.

ಮೂರನೇಮಹಡಿ:
ಇದೆಲ್ಲಕ್ಕಿಂತ ಮೊದಲು ಲಿಫ್ಟ್ ಅಳತೆ ತಗೊಳ್ಳಿ! ನಾವು ಅತ್ತೆ ಮನೆಯಿಂದ ಆರೂಮುಕ್ಕಾಲು ಅಡಿ ಬೀರು ತಂದು ಗೇಟಿನ ಮುಂದೆ ಎರಡು ಗಂಟೆ ಮಳೆಯಲ್ಲಿ ನಿಲ್ಲಿಸಿದ್ದೆವು. ಲಿಫ್ಟ್‌ಗೂ ಹಿಡಿಸಲಿಲ್ಲ, ಮೆಟ್ಟಿಲ ತಿರುವಿನಲ್ಲೂ ತಿರುಗಲಿಲ್ಲ.

ಉಳಿಬಾಚಿ:
ಹಳೇ ಬೀರು ಬಹಳಷ್ಟು ಬಿಚ್ಚಲು ಬರುತ್ತವೆ. ಮೇಲಿನ ಕಿರೀಟದ ಪಟ್ಟಿ ಸುಮ್ನೆ ಕೂತಿರುತ್ತದೆ, ಎತ್ತಿದರೆ ಬರುತ್ತದೆ. ಒಳಗೆ ಬಿದಿರಿನ ಅಥವಾ ಮರದ ಗೂಟ ಹುಡುಕಿ, ಹಿಂದಿನಿಂದ ತಟ್ಟಿದರೆ ಸಡಿಲವಾಗುತ್ತದೆ. ಬಿಚ್ಚುವ ಮೊದಲು ಪ್ರತಿ ತುಂಡಿಗೂ ಚಾಕ್‌ನಲ್ಲಿ ನಂಬರ್ ಬರೆದು ಫೋಟೋ ತೆಗೆಯಿರಿ.

ಬಿಳಿಗೋಡೆ:
@ಉಳಿಬಾಚಿ, ನಿಮ್ಮ ಅನುಭವಕ್ಕೆ ಗೌರವ ಇದೆ. ಆದರೆ ಈ ಗುಂಪಿನಲ್ಲಿ ಯಾರು ಬಣ್ಣ ಅಂದರೂ ಪಾಪ ಮಾಡಿದ ಹಾಗೆ ಮಾತಾಡುತ್ತೀರಿ. ನಮ್ಮದು ಮ್ಯೂಸಿಯಂ ಅಲ್ಲ, ಮನೆ. ಅವರು ದಿನಾ ಅದರ ಮುಂದೆ ಓಡಾಡಬೇಕು. ಮಗಳು ಅದನ್ನು ಇಷ್ಟಪಟ್ಟರೆ ಮುಂದೆ ಅವಳೇ ಉಳಿಸಿಕೊಳ್ಳುತ್ತಾಳೆ. ಇಷ್ಟವಾಗದಿದ್ದರೆ ಮುಂದಿನ ಸಲ ಮನೆ ಬದಲಿಸುವಾಗ ಗುಜರಿಗೇ ಹೋಗೋದು.

ಉಳಿಬಾಚಿ:
ಪಾಪ ಅನ್ನಲಿಲ್ಲ. ನಮ್ಮ ಮನೆಯಲ್ಲೂ ಪ್ಲೈ ಸಾಮಾನಿಗೆ ನಾನೇ ಬಣ್ಣ ಹೊಡೆದಿದ್ದೇನೆ. ಸನ್‌ಮೈಕಾ ಹಾಕಿದ ಕಪಾಟಿಗೆ ಬಣ್ಣ ಹೊಡೆಯುವುದು ಒಳ್ಳೇ ಉಪಾಯ. ಹೊಳಪು ಹೋಗುವಷ್ಟು 180 ನಂಬರ್ ಕಾಗದದಲ್ಲಿ ಉಜ್ಜಿ, ಅಂಟಿಕೊಳ್ಳುವ ಪ್ರೈಮರ್ ಹಾಕಿ, ಆಮೇಲೆ ಬಣ್ಣ. ನನ್ನ ತಕರಾರು ಗಟ್ಟಿ ಮರದ ವಿಷಯಕ್ಕೆ ಮಾತ್ರ.

ಇನ್ನೊಂದು ಇದೆ. ಕೆಲವು ಮರ ಬಣ್ಣ ಬಿಡುತ್ತವೆ. ತೇಗ, ಬೀಟೆ, ಹೊನ್ನೆ ಇಂಥವನ್ನು ಬರಿ ಮರ ಬರುವ ತನಕ ಉಜ್ಜಿ ನೀರಿನ ಬಿಳಿ ಪೇಂಟ್ ಹೊಡೆದರೆ, ಒಳಗಿನ ಕಸರು ನೀರಿನ ಜೊತೆ ಮೇಲೆ ಬರುತ್ತದೆ. ನಾಲ್ಕು ದಿನಕ್ಕೆ ಬಿಳಿಯ ಮೇಲೆ ಹಳದಿ, ಕಂದು ಕಲೆ. ಮತ್ತೆ ಹೊಡೆದರೆ ಮತ್ತೆ ಬರುತ್ತದೆ. ಅದನ್ನು ತಡೆಯಲು ನಡುವೆ ಅರಗಿನಂಥ ತಡೆ ಪದರ ಬೇಕು.

ಬಿಳಿಗೋಡೆ:
ಇದು ನನಗೆ ಗೊತ್ತಿರಲಿಲ್ಲ. ನನ್ನ ಮೇಜಿನ ಒಂದು ಮೂಲೆಯಲ್ಲಿ ಕಲೆ ಬಂದಿತ್ತು, ಕಾಫಿ ಚೆಲ್ಲಿದ್ದು ಅಂದುಕೊಂಡಿದ್ದೆ.

ಪುಟ್ಟನಮ್ಮ:
ಚಿಕ್ಕ ಮಕ್ಕಳಿರುವವರು ಒಂದು ವಿಷಯ ನೆನಪಿಡಿ. ಹಳೇ ಎನಾಮಲ್ ಬಣ್ಣದಲ್ಲಿ ಸೀಸ ಇರಬಹುದು. ನಮ್ಮ ದೇಶದಲ್ಲಿ ಮನೆ ಬಣ್ಣದ ಸೀಸಕ್ಕೆ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮಿತಿ ಜಾರಿಗೆ ಬಂದಿದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ತೊಟ್ಟಿಲು, ಕಿಟಕಿ, ಸ್ಟೀಲ್ ಬೀರು ಯಾವುದನ್ನೂ ಒಣದಾಗಿ ಉಜ್ಜಿ ಧೂಳೆಬ್ಬಿಸಬೇಡಿ. ನೀರು ಹಾಕಿಕೊಂಡು ಉಜ್ಜುವ ಕಾಗದ ಸಿಗುತ್ತದೆ. ಒಳ್ಳೇ ಮಾಸ್ಕ್ ಹಾಕಿ, ಮಕ್ಕಳನ್ನು ಬೇರೆ ಮನೆಯಲ್ಲಿ ಬಿಡಿ, ಧೂಳನ್ನು ಪೊರಕೆಯಲ್ಲಿ ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ. ತಂಗಿ ಹಳೇ ತೊಟ್ಟಿಲನ್ನು ಬಾಲ್ಕನಿಯಲ್ಲೇ ಉಜ್ಜುತ್ತಿದ್ದಳು, ಮಗು ಅಲ್ಲೇ ಅಂಬೆಗಾಲಿಡುತ್ತಿತ್ತು. ನೋಡಿ ನನ್ನ ಕೈಕಾಲೇ ಆಡಲಿಲ್ಲ.

ಪೀಣ್ಯ2ನೇಹಂತ:
ಸ್ಟೀಲ್ ಬೀರುವಿನ ಬಗ್ಗೆ ಯಾರೂ ಹೇಳಲಿಲ್ಲ, ಆದ್ದರಿಂದ ನಾನು. ಪೌಡರ್ ಕೋಟಿಂಗ್ ಮಾಡಿಸಿ. ಪೀಣ್ಯದಲ್ಲಿ ಇಂಥ ಶೆಡ್‌ಗಳು ಬೇಕಾದಷ್ಟಿವೆ. ಹಳೇ ಬಣ್ಣ, ತುಕ್ಕು ಪೂರ್ತಿ ತೆಗೆದು, ಒಣ ಪುಡಿಯನ್ನು ವಿದ್ಯುತ್ ಚಾರ್ಜ್ ಕೊಟ್ಟು ಅಂಟಿಸಿ, 180–200 ಡಿಗ್ರಿ ಒಲೆಯಲ್ಲಿ ಕಾಯಿಸುತ್ತಾರೆ. ಪುಡಿ ಕರಗಿ ಚರ್ಮದ ಹಾಗೆ ಕೂರುತ್ತದೆ. ಕನ್ನಡಿ, ಬೀಗ, ರಬ್ಬರ್ ಎಲ್ಲಾ ಮೊದಲೇ ಬಿಚ್ಚಿ, ಒಲೆಯಲ್ಲಿ ಉಳಿಯಲ್ಲ. ಬೀರು ಒಲೆಗೆ ಹಿಡಿಸುತ್ತಾ ಅಂತ ಫೋನ್‌ನಲ್ಲೇ ಅಳತೆ ಹೇಳಿ ಕೇಳಿ.

ಖರ್ಚು ಜಾಸ್ತಿ ಅನಿಸಿದರೆ ಕಾರಿಗೆ ಬಣ್ಣ ಹೊಡೆಯುವ ಗ್ಯಾರೇಜ್‌ನವರೂ ಮಾಡುತ್ತಾರೆ. ತುಕ್ಕು ಉಜ್ಜಿ, ರೆಡ್ ಆಕ್ಸೈಡ್ ಪ್ರೈಮರ್, ಆಮೇಲೆ ಸ್ಪ್ರೇ. ನಿಮ್ಮ ಮಗಳಿಗೆ ಬಿಳಿ ಬೇಕು ಅಲ್ವಾ? ಈ ಬೀರುವಿಗೆ ಕೊಡಿ ಆ ಬಿಳಿ.

ಹಳೇಮನೆ:
ಇದು ನನಗೆ ಹೊಳೆದೇ ಇರಲಿಲ್ಲ! ಮಗಳಿಗೆ ಓದಿ ಹೇಳಿದೆ. ಯೋಚನೆ ಮಾಡ್ತೀನಿ ಅಂದಳು.

ಬೆತ್ತದಬುಟ್ಟಿ:
ಆರಾಮ ಕುರ್ಚಿಗೆ ಬರುತ್ತೇನೆ. ಬೆತ್ತ ಎಲ್ಲಾದರೂ ತುಂಡಾಗಿದೆಯಾ, ಅಥವಾ ಬರೀ ಜೋತುಬಿದ್ದಿದೆಯಾ? ತುಂಡಾಗಿಲ್ಲ ಅಂದರೆ ಹೊಸದಾಗಿ ಹೆಣೆಸಬೇಡಿ. ಕುರ್ಚಿ ಬೋರಲು ಹಾಕಿ. ಬಿಸಿನೀರಲ್ಲಿ ಅದ್ದಿ ಹಿಂಡಿದ ಟವಲನ್ನು ಬೆತ್ತದ ಅಡಿ ಮೈಗೆ ಅರ್ಧ ಗಂಟೆ ಹೊದಿಸಿ. ಮೇಲಿನ ಹೊಳಪಿನ ಕಡೆ ನೀರು ಅಷ್ಟು ಇಳಿಯುವುದಿಲ್ಲ, ಅಡಿ ಮೈ ಹೀರುತ್ತದೆ. ಆಮೇಲೆ ನೆರಳಲ್ಲಿ, ಗಾಳಿ ಆಡುವ ಕಡೆ ಒಂದು ರಾತ್ರಿ ಬಿಡಿ. ಯಾರೂ ಕೂರಬಾರದು. ಒಣಗುತ್ತಾ ಬೆತ್ತ ಬಿಗಿಯುತ್ತದೆ. ಬೆಳಿಗ್ಗೆ ಬೆರಳಲ್ಲಿ ತಟ್ಟಿದರೆ ಡೋಲಿನ ಹಾಗೆ ಸದ್ದು ಬರಬೇಕು.

ತುಂಡಾಗಿದ್ದರೆ ಮಾತ್ರ ಹೆಣೆಯುವವರನ್ನು ಹುಡುಕಿ. ತೂತಿನಿಂದ ತೂತಿಗೆ ಎಳೆದು ಹೆಣೆಯಲು ಬರುತ್ತಾ ಅಂತ ಮೊದಲೇ ಕೇಳಿ. ಈಗ ಬಹಳ ಜನ ರೆಡಿ ಜಾಲರಿ ಅಂಟಿಸಿ ಮೇಲೆ ಪಟ್ಟಿ ಹೊಡೆದು ಕೊಡುತ್ತಾರೆ. ಅದಕ್ಕೆ ಚೌಕಟ್ಟಿನಲ್ಲಿ ಕಾಲುವೆಯಂಥ ಗೆರೆ ಕೊರೆಯಬೇಕು, ನಿಮ್ಮ ಹಳೇ ತೂತುಗಳೆಲ್ಲ ಹಾಳು.

ನವಾರುಮಂಚ:
ಬೆತ್ತದ ವಿಷಯ ಬಂದಿದ್ದಕ್ಕೆ ಕೇಳುತ್ತೇನೆ, ನವಾರು ಮಂಚಕ್ಕೆ ಹತ್ತಿ ಪಟ್ಟಿ ಈಗ ಬೆಂಗಳೂರಲ್ಲಿ ಎಲ್ಲಿ ಸಿಗುತ್ತದೆ? ಎಲ್ಲ ಕಡೆ ನೈಲಾನ್ ತೋರಿಸುತ್ತಾರೆ. ನಮ್ಮಪ್ಪನಿಗೆ ನೈಲಾನ್ ಪಟ್ಟಿ ಮೇಲೆ ಮಲಗಿದರೆ ಬೆನ್ನು ಬೆವರುತ್ತದೆ.

ಮೂರನೇಮಹಡಿ:
ಚಿಕ್ಕಪೇಟೆ ಗಲ್ಲಿಗಳಲ್ಲಿ ಕೇಳಿ ನೋಡಿ. ಹಗ್ಗ, ಪಟ್ಟಿ ಮಾರುವವರು ಅಲ್ಲಿ ಇದ್ದಾರೆ.

ಕತ್ರಿಗುಪ್ಪೆ ಅಮ್ಮ:
ಹಳೇ ಮಂಚ ಅಂದರೆ ತಿಗಣೆ ನೋಡಿಕೊಳ್ಳಿ. ಸುಮ್ನೆ ಬಿಸಿಲಿಗೆ ಹಾಕಿದರೆ ಹೋಗಲ್ಲ, ಬೆಂಗಳೂರು ಬಿಸಿಲು ಕೀಲಿನ ಸಂದಿವರೆಗೆ ಕಾಯಿಸಲ್ಲ. ಕುದಿಯೋ ನೀರು ಸಂದಿ ಸಂದಿಗೂ ಹಾಕಬೇಕು. ನಮ್ಮಮ್ಮ ಪ್ರತಿ ಬೇಸಿಗೆ ಹಿತ್ತಲಲ್ಲಿ ಮಂಚ ನಿಲ್ಲಿಸಿ ಹಂಡೆ ನೀರು ಸುರಿಯುತ್ತಿದ್ದರು.

ಬಡಗಿಅಲ್ಲ:
ನನ್ನ ಪ್ರಶ್ನೆ ಬೇರೆ. ಇಷ್ಟೆಲ್ಲಾ ಮಾಡಿಸುವ ಖರ್ಚಿನಲ್ಲಿ ಹೊಸದೇ ಬರುತ್ತದಲ್ಲಾ? ಕುಟ್ಟೆಗೆ ಔಷಧ, ಪಾಲಿಶ್ ಕೂಲಿ, ಟೆಂಪೋ ಬಾಡಿಗೆ ಎಲ್ಲಾ ಸೇರಿಸಿ ಲೆಕ್ಕ ಹಾಕಿ.

ಉಳಿಬಾಚಿ:
ಹೊಸದು ಬರುತ್ತದೆ. ಯಾವ ಹೊಸದು ಅನ್ನುವುದು ನೋಡಬೇಕು. ಅದೇ ದುಡ್ಡಿಗೆ ಬರುವುದು ಪಾರ್ಟಿಕಲ್ ಬೋರ್ಡ್. ಮರದ ಚೂರನ್ನು ಅಂಟು ಹಾಕಿ ಒತ್ತಿದ್ದು. ಮಾಪ್ ನೀರು ಕೆಳಗೆ ಸೇರಿದರೆ ಬ್ರೆಡ್ಡಿನ ಹಾಗೆ ಉಬ್ಬುತ್ತದೆ, ಉಬ್ಬಿದ್ದು ಇಳಿಯಲ್ಲ. ಒಂದು ಸಲ ಬಿಚ್ಚಿ ಮನೆ ಬದಲಿಸಿದರೆ ಸ್ಕ್ರೂ ಹಿಡಿಯಲ್ಲ. ಗಟ್ಟಿ ಮರದಲ್ಲಿ ಸಡಿಲವಾದ ತೂತಿಗೆ ಬಿದಿರು ಕಡ್ಡಿ, ಅಂಟು ಹಾಕಿ ಮತ್ತೆ ತಿರುಪು ಹಾಕಬಹುದು.

ಹಳೇ ಕೀಲು ಅಲ್ಲಾಡಿದರೂ ಹಾಗೇ. ಮುಂಚೆ ಮರವಜ್ರ ಹಾಕುತ್ತಿದ್ದರು, ಪ್ರಾಣಿ ಚರ್ಮ ಮೂಳೆ ಕುದಿಸಿದ ಅಂಟು. ಬಿಸಿನೀರು ತಾಗಿಸಿದರೆ ಅದು ಬಿಡುತ್ತದೆ, ಕೆರೆದು ತೆಗೆದು ಮತ್ತೆ ಅಂಟಿಸಬಹುದು. ಅದರ ಮೇಲೇ ಫೆವಿಕಾಲ್ ಸುರಿಯಬೇಡಿ, ಹಳೇ ಅಂಟಿನ ಮೇಲೆ ಹೊಸ ಅಂಟು ಹಿಡಿಯಲ್ಲ.

ಬಡಗಿಅಲ್ಲ:
ಒಪ್ಪಿದೆ. ಆದರೂ ಎಲ್ಲರಿಗೂ ರಜೆ ದಿನ ಉಳಿ ಹಿಡಿಯುವ ಪುರುಸೊತ್ತು ಇರಲ್ಲ. ಮಾಡಿಕೊಡುವ ಕೈ ಎಲ್ಲಿ ಸಿಗುತ್ತೆ ಹೇಳಿ. ನಾನು ಮೂರು ಜನರನ್ನು ಕೇಳಿದೆ, ಮೂವರೂ ಪ್ಲೈ ಅಂದರು.

ಗುಜರಿಪ್ರೇಮಿ:
ಶಿವಾಜಿನಗರದ ಹಳೇ ಫರ್ನಿಚರ್ ಅಂಗಡಿ ಸಾಲಿಗೆ ಹೋಗಿ. ಮಾರುವವರ ಹಿಂದೆ ಪಾಲಿಶ್ ಮಾಡುವವರು ಇದ್ದೇ ಇರುತ್ತಾರೆ. ಅಂಗಡಿ ಮುಂದೆ ಹೊಳೆಯುವುದನ್ನು ನೋಡಬೇಡಿ, ಹಿಂದುಗಡೆ ಕೂತು ಬಟ್ಟೆ ಉಂಡೆ ಹಿಡಿದು ಉಜ್ಜುತ್ತಿರುವ ಹಿರಿಯರನ್ನು ಮಾತಾಡಿಸಿ. ಬದಲಿ ಹಲಗೆಗೆ ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟ್. ಹಳೇ ಮನೆ ಕೆಡವಿದ ಮರ ಕೇಳಿ. ಚೆನ್ನಾಗಿ ಒಣಗಿದ ಮರ, ಮತ್ತೆ ಬಾಗುವುದು ಕಡಿಮೆ. ಹಿಡಿ, ತಿರುಗಣೆಗೆ ಎಸ್‌ಜೆಪಿ ರಸ್ತೆ. ಜಾಲಿ ಮೊಹಲ್ಲಾದಲ್ಲಿ ತಾಳ್ಮೆಯಿಂದ ಹುಡುಕಿದರೆ ಹಳೇ ಹಿತ್ತಾಳೆ ಕೀಲೂ ಸಿಗುತ್ತದೆ.

@ಹಳೇಮನೆ, ಕೆಡವುವ ಮುಂಚೆ ಆ ಮನೆಗೆ ಇನ್ನೊಂದು ಸಲ ಹೋಗಿ. ಕಿಟಕಿಯ ರೆಕ್ಕೆ, ಅಡುಗೆಮನೆಯ ಕಡಪಾ ಕಲ್ಲು, ಮಾಡಿನ ಮಂಗಳೂರು ಹೆಂಚು ಬಿಡಬೇಡಿ. ಕಡಪಾ ಹಲಗೆ ಬಾಲ್ಕನಿಯಲ್ಲಿ ಕುಂಡ ಇಡಲು ಚೆನ್ನಾಗಿರುತ್ತದೆ. ಹೆಂಚು ತಿರುಗಿಸಿ ನೋಡಿ, ಕಾರ್ಖಾನೆ ಹೆಸರು ಒತ್ತಿರುತ್ತಾರೆ. ಮಂಗಳೂರಲ್ಲಿ ಬಾಸೆಲ್ ಮಿಶನ್ ಅನ್ನುವ ಕ್ರೈಸ್ತ ಮಿಶನರಿಗಳು 1865ರಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ್ದು, ಆಮೇಲೆ ಎಷ್ಟೋ ಕಾರ್ಖಾನೆ ಬಂದವು.

ಹಳೇಮನೆ:
ಹೆಂಚು ಸರಿ. ಆ ಕೆಂಪು ನೆಲವನ್ನು ಎತ್ತಿಕೊಂಡು ಬರಲು ಆಗಲ್ಲ ಅಂತಲೇ ದುಃಖ. ರೆಡ್ ಆಕ್ಸೈಡ್ ನೆಲ, ಅಜ್ಜಿ ಕೊಬ್ಬರಿ ಎಣ್ಣೆ ಬಟ್ಟೆಯಲ್ಲಿ ಒರೆಸುತ್ತಿದ್ದರು. ಬಾಗಿಲ ಹತ್ತಿರ ಮುಖ ಕಾಣುವಷ್ಟು ಹೊಳಪಿದೆ.

ಬಿಳಿಗೋಡೆ:
ಫೋಟೋ ತೆಗೆದಿಟ್ಟುಕೊಳ್ಳಿ. ನಾವು ತೆಗೆಯಲಿಲ್ಲ, ಈಗಲೂ ಹೊಟ್ಟೆ ಉರಿಯುತ್ತದೆ.

ದೀಪದಎಣ್ಣೆ:
ಪಾಲಿಶ್ ಬದಲು ಅಗಸೆ ಎಣ್ಣೆ ಹಚ್ಚಿ ಅಂತ ಯಾರಾದರೂ ಹೇಳುವ ಮುಂಚೆ ನಾನು ಒಂದು ಮಾತು ಹೇಳಬೇಕು. ಎಣ್ಣೆ ಒಳ್ಳೆಯದೇ, ಮರ ಜೀವ ಬಂದ ಹಾಗೆ ಕಾಣುತ್ತದೆ. ಆದರೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಕಬೇಡಿ. ಹೋದ ವರ್ಷ ನಾನು ಯುಟಿಲಿಟಿಯಲ್ಲಿ ಪ್ಲಾಸ್ಟಿಕ್ ಬಕೆಟ್‌ಗೆ ಮೂರು ಬಟ್ಟೆ ತುರುಕಿ ಮಲಗಿದೆ. ಮಧ್ಯರಾತ್ರಿ ಸುಟ್ಟ ವಾಸನೆ. ಎದ್ದು ನೋಡಿದರೆ ಬಕೆಟ್ ಕರಗಿ ಹೊಗೆ ಬರುತ್ತಿತ್ತು. ಬೆಂಕಿ ಯಾರೂ ಇಟ್ಟಿಲ್ಲ. ಅಗಸೆ ಎಣ್ಣೆ ಒಣಗುವಾಗ ಗಾಳಿ ಜೊತೆ ಸೇರಿ ಬಿಸಿಯಾಗುತ್ತದೆ, ಮುದ್ದೆಯೊಳಗೆ ಆ ಬಿಸಿ ಹೊರಗೆ ಹೋಗಲು ದಾರಿ ಇಲ್ಲದೆ ತಾನೇ ಹೊತ್ತಿಕೊಳ್ಳುತ್ತದೆ. ಬಟ್ಟೆಯನ್ನು ಬಿಡಿಸಿ ಹೊರಗೆ ತಂತಿ ಮೇಲೆ ಹರವಿ ಪೂರ್ತಿ ಒಣಗಿಸಿ, ಇಲ್ಲಾ ನೀರು ತುಂಬಿದ ಡಬ್ಬದಲ್ಲಿ ಮುಳುಗಿಸಿ. ಇದನ್ನು ಓದಿದವರು ಮನೆಯಲ್ಲಿ ಎಲ್ಲರಿಗೂ ಹೇಳಿ.

ಪುಟ್ಟನಮ್ಮ:
ಅಬ್ಬಾ. ಇದು ಗೊತ್ತೇ ಇರಲಿಲ್ಲ. ಈಗಲೇ ಎದ್ದು ಸ್ಟೋರ್ ರೂಮ್ ನೋಡಿದೆ.

ಉಳಿಬಾಚಿ:
ನೂರಕ್ಕೆ ನೂರು ನಿಜ. ಜೊತೆಗೆ ಮಳೆ ಹಿಡಿದ ದಿನ ಅರಗಿನ ಪಾಲಿಶ್ ಬೇಡ. ಗಾಳಿಯ ತೇವ ಪದರದೊಳಗೆ ಸೇರಿ ಹಾಲು ಚೆಲ್ಲಿದ ಹಾಗೆ ಮಂಜಾಗುತ್ತದೆ. ಬಿಸಿ ಲೋಟ ಇಟ್ಟರೆ ಬೀಳುವ ಬಿಳಿ ಉಂಗುರವೂ ಇದೇ ಜಾತಿ. ಎರಡು ದಿನ ಬಿಸಿಲು ಬರಲಿ ಅಂತ ಕಾಯಿರಿ.

ಹಳೇಮನೆ:
ಮೂರು ವಾರ ಆಯಿತು, ಏನಾಯಿತು ಅಂತ ಹೇಳಲು ಬಂದೆ.

ಬೀರು ಬಿಚ್ಚಿ ತಂದೆವು. ಒಟ್ಟು ಹನ್ನೊಂದು ತುಂಡು, ಗೂಟ ಎಂಟು. ಕೆಳಗಿನ ಹಲಗೆಗೆ ಸ್ಕ್ರೂಡ್ರೈವರ್ ಒತ್ತಿದರೆ ನಿಜವಾಗಲೂ ಬಿಸ್ಕತ್ತಿನ ಹಾಗೆ ಹೋಯಿತು. ಅದನ್ನು ಬದಲಿಸಿದ್ದಾಯಿತು. ಬೇರೆಲ್ಲೂ ತೂತಿಲ್ಲ. ಕುರ್ಚಿಯ ಬೆತ್ತ ಬಿಗಿಯಾಗಿದೆ. @ಬೆತ್ತದಬುಟ್ಟಿ, ಬೆಳಿಗ್ಗೆ ತಟ್ಟಿದಾಗ ನಿಜಕ್ಕೂ ಸದ್ದು ಬಂತು, ಮನೆಯವರೆಲ್ಲ ಒಬ್ಬೊಬ್ಬರಾಗಿ ತಟ್ಟಿ ನೋಡಿದರು.

ಈಗ ಮರ. ಮೇಲಿನ ವಾರ್ನಿಶ್ ಸ್ಪಿರಿಟ್‌ಗೆ ಜಗ್ಗಲಿಲ್ಲ. ಹೆರೆದು ತೆಗೆದ ಮೇಲೆ ಕೆಳಗೆ ಅರಗಿನ ಪದರ ಸಿಕ್ಕಿತು, ಹತ್ತಿಗೆ ಕಂದು ಬಣ್ಣ ಬಂತು. ಅದೂ ಹೋದ ಮೇಲೆ ಒಳ ಅಂಚಿನಲ್ಲಿ ಅಂಗೈಯಗಲ ಬರಿ ಮರ ಕಾಣುತ್ತಿದೆ. ಜೇನಿನ ಬಣ್ಣ, ನಡುವೆ ಕಂದು ಗೆರೆ. ತೇಗದ ವಾಸನೆ ಇಲ್ಲ. 220 ನಂಬರ್ ಕಾಗದದಲ್ಲಿ ಉಜ್ಜಿದ ಪುಡಿ ಒದ್ದೆ ಕೈಗೆ ತಾಗಿ ಬೆರಳೆಲ್ಲ ಹಳದಿಯಾಯಿತು. ಇದು ಯಾವ ಮರ?

ಉಳಿಬಾಚಿ:
ಹೊನ್ನೆ ಇರಬೇಕು! ಬರಿ ಮರ ಕಂಡ ಜಾಗದಿಂದ ಮಾತ್ರ ಒಂದು ಚಿಟಿಕೆ ಪುಡಿ ತಗೊಂಡು ಗಾಜಿನ ಲೋಟದ ನೀರಿಗೆ ಹಾಕಿ. ಒಂದು ಗಂಟೆ ಬಿಟ್ಟು ಕಿಟಕಿ ಬೆಳಕಿಗೆ ಹಿಡಿಯಿರಿ. ಕುಡಿಯಬೇಡಿ, ಪಾಲಿಶ್ ಬೆರೆತಿರುತ್ತದೆ.

ಕತ್ರಿಗುಪ್ಪೆ ಅಮ್ಮ:
ಹೊನ್ನೆ ಲೋಟದಲ್ಲಿ ರಾತ್ರಿ ನೀರಿಟ್ಟು ಸಕ್ಕರೆ ಕಾಯಿಲೆಯವರು ಬೆಳಿಗ್ಗೆ ಕುಡಿಯುತ್ತಾರಲ್ಲ, ಅದೇ ಮರ. ನಮ್ಮೂರಲ್ಲಿ ಬಾಗಿಲುವಾಡಕ್ಕೂ ಹಾಕುತ್ತಿದ್ದರು.

ಹಳೇಮನೆ:
ಹಾಕಿದೆವು. ನೀರು ಮೊದಲು ಚಹಾದಂತೆ ಆಯಿತು. ಮಗಳು ಲೋಟ ತಗೊಂಡು ಬಾಲ್ಕನಿಗೆ ಹೋದಳು. ಬೆಳಕಿಗೆ ಹಿಡಿದಾಗ ಲೋಟದ ಅಂಚಿನಲ್ಲಿ ನೀಲಿ! ನವಿಲುಗರಿಯ ನೀಲಿ ಇರುತ್ತಲ್ಲ, ಹಾಗೆ. ಲೋಟ ಅಲ್ಲಾಡಿಸಿದರೆ ಹೊಳೆಯುತ್ತದೆ, ನೆರಳಿಗೆ ತಂದರೆ ಮತ್ತೆ ಕಂದು. ಐದು ನಿಮಿಷ ಅಲ್ಲೇ ನಿಂತಿದ್ದಳು.

ಉಳಿಬಾಚಿ:
ಹೊನ್ನೆಯೇ. ಇದರ ಮೇಲೆ ನೀರಿನ ಬಿಳಿ ಹೊಡೆದಿದ್ದರೆ ಈ ಲೋಟದ ಬಣ್ಣ ಅಷ್ಟೂ ಬಾಗಿಲ ಮೇಲೆ ಬರುತ್ತಿತ್ತು.

ಬಿಳಿಗೋಡೆ:
ಸೋತೆ ಅನ್ನಲ್ಲ, ಆದರೆ ಸಂತೋಷವಾಯಿತು. ಒಳಗಡೆ ಹಿಂದಿನ ಹಲಗೆಗಾದರೂ ತಿಳಿ ಬಣ್ಣದ ಬಟ್ಟೆ ಹಾಕಿಸಿ, ಬಾಗಿಲು ತೆಗೆದಾಗ ಬೆಳಕು ಕಾಣುತ್ತದೆ. ಬಟ್ಟೆಯಾದರೆ ಬೇಡ ಅಂದಾಗ ತೆಗೆಯಬಹುದು.

ಹಳೇಮನೆ:
ಅಜ್ಜಿಯ ಹಳೇ ಮಗ್ಗದ ಸೀರೆ ಒಂದಿದೆ, ಕೆನೆ ಬಣ್ಣ, ಸೆರಗು ಹರಿದಿದೆ. ಅದನ್ನೇ ಹಾಕಿಸುತ್ತೇನೆ. ಬೀರುವಿಗೆ ತೆಳುವಾಗಿ ಅರಗಿನ ಪಾಲಿಶ್, ಶಿವಾಜಿನಗರದಲ್ಲಿ ಒಬ್ಬರು ಹಿರಿಯರು ಒಪ್ಪಿದ್ದಾರೆ. ಮಳೆ ನಿಂತ ಮೇಲೆ ಬರುತ್ತೇನೆ ಅಂದರು, ಅವರಾಗಿಯೇ. ಸ್ಟೀಲ್ ಬೀರು ನಾಳೆ ಪೀಣ್ಯಕ್ಕೆ ಹೋಗುತ್ತಿದೆ. ಮಗಳು ಅದಕ್ಕೆ ಬಿಳಿ ಬೇಡ ಅಂದಳು. ಆ ಲೋಟದ ನೀಲಿ ಬೇಕಂತೆ. @ಪೀಣ್ಯ2ನೇಹಂತ, ಪೌಡರ್‌ನಲ್ಲಿ ನವಿಲು ನೀಲಿ ಸಿಗುತ್ತಾ?

ಪೀಣ್ಯ2ನೇಹಂತ:
ಸಿಗುತ್ತೆ. ಶೇಡ್ ಕಾರ್ಡ್ ಕೇಳಿ, ಹೊರಗೆ ಬಿಸಿಲಲ್ಲಿ ಹಿಡಿದು ನೋಡಿ ಆರಿಸಿ. ಶೆಡ್‌ನ ಟ್ಯೂಬ್‌ಲೈಟ್ ಕೆಳಗೆ ನೋಡಬೇಡಿ.